ಝಳದ ನಾಡಿಗೆ ಸೆಕೆ ಬಂದಾಗ



ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನೀವು ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದಿದ್ದೀರಿ ಎಂದುಕೊಳ್ಳಿ. ಉಷ್ಣಮಾಪಕ 42 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಬೀಸುವ ಗಾಳಿ ಒಲೆಯ ಬಾಯಿಂದ ಬಂದಂತಿದೆ. ತುಟಿ ಒಣಗುತ್ತದೆ, ಕಣ್ಣು ಉರಿಯುತ್ತದೆ. ಆದರೆ ಅಂಗಿ ಒದ್ದೆಯಾಗುವುದಿಲ್ಲ. ಅದೇ ಹೊತ್ತಿಗೆ ನಿಮ್ಮ ಗೆಳೆಯನೊಬ್ಬ ಮಂಗಳೂರಿನಲ್ಲಿ ಇಳಿದಿದ್ದಾನೆ. ಅಲ್ಲಿಯ ಉಷ್ಣಮಾಪಕ ತೋರಿಸುವುದು 34 ಡಿಗ್ರಿ ಮಾತ್ರ. ಆದರೂ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಎಷ್ಟು ಒರೆಸಿಕೊಂಡರೂ ಬೆವರು ನಿಲ್ಲದು. ಇಬ್ಬರಲ್ಲಿ ಯಾರ ಕಷ್ಟ ದೊಡ್ಡದು?

ಈ ಪ್ರಶ್ನೆಗೆ ಉಷ್ಣಮಾಪಕವೊಂದೇ ಉತ್ತರ ಹೇಳಲಾರದು. ನಮ್ಮ ಭಾಷೆ ಮಾತ್ರ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದೆ. ಒಣ ಗಾಳಿ ಹೊತ್ತು ತರುವ ಶಾಖಕ್ಕೆ ಝಳ ಎನ್ನುತ್ತೇವೆ. ಗಾಳಿಯಾಡದೆ, ಬೆವರು ಆರದೆ, ಮೈಯೆಲ್ಲ ಕುದಿದಂತಾದರೆ ಸೆಕೆ ಎನ್ನುತ್ತೇವೆ. ಸಗರನಾಡು ಎಂದು ಹೆಸರಾದ ಶಹಾಪುರ, ಸುರಪುರಗಳ ಸೀಮೆ ಮತ್ತು ನೆರೆಯ ಯಾದಗಿರಿ ಮುಖ್ಯವಾಗಿ ಝಳದ ನಾಡುಗಳು. ಇಲ್ಲಿಯ ಜನ ಝಳದೊಡನೆ ಬಾಳುವುದನ್ನು ಹೇಗೆ ಕಲಿತರು, ಆ ಕಲಿಕೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಪುಟಗಳಲ್ಲಿ ನೋಡೋಣ.

ಬೆವರಿನ ಲೆಕ್ಕ

ಇತಿಹಾಸಕ್ಕೆ ಹೋಗುವ ಮುನ್ನ ಸ್ವಲ್ಪ ವಿಜ್ಞಾನ ಬೇಕು. ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಸುಮ್ಮನೆ ಕುಳಿತಾಗಲೂ ದೇಹದಲ್ಲಿ ಶಾಖ ಹುಟ್ಟುತ್ತಲೇ ಇರುತ್ತದೆ. ಗುದ್ದಲಿ ಹಿಡಿದು ಅಗೆಯತೊಡಗಿದರೆ ಅದು ಹಲವು ಪಟ್ಟು ಹೆಚ್ಚುತ್ತದೆ. ಹೊರಗಿನ ಗಾಳಿ ನಮ್ಮ ಚರ್ಮಕ್ಕಿಂತ ತಂಪಾಗಿದ್ದರೆ ಆ ಶಾಖ ತಾನಾಗಿಯೇ ಹೊರಹೋಗುತ್ತದೆ. ಆದರೆ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗೆ 42 ಡಿಗ್ರಿ ಇದ್ದಾಗ ಶಾಖ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಒಂದೇ, ಅದು ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಬೆವರು ಸುರಿದರೆ ಸಾಲದು, ಅದು ಆವಿಯಾಗಬೇಕು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈ ತಂಪಾಗುವುದಿಲ್ಲ.

ಗಾಳಿ ಒಣಗಿದ್ದರೆ ಬೆವರು ಬೇಗ ಆರುತ್ತದೆ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಆರುವುದಿಲ್ಲ. ಇದನ್ನು ಅಳೆಯಲು ಉಷ್ಣಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವಂತೆ ಮಾಡಿ ನೋಡುತ್ತಾರೆ. ಆಗ ದೊರೆಯುವುದೇ ಆರ್ದ್ರ ಬಲ್ಬ್ ಉಷ್ಣತೆ. ಈಗ ನಮ್ಮ ಇಬ್ಬರು ಪ್ರಯಾಣಿಕರ ಲೆಕ್ಕ ಹಾಕೋಣ. ಯಾದಗಿರಿಯಲ್ಲಿ 42 ಡಿಗ್ರಿ ಉಷ್ಣತೆ, ಶೇಕಡಾ 15ರಷ್ಟು ತೇವಾಂಶ ಇದ್ದರೆ ಆರ್ದ್ರ ಬಲ್ಬ್ ಉಷ್ಣತೆ ಸುಮಾರು 22 ಡಿಗ್ರಿ. ಮಂಗಳೂರಿನಲ್ಲಿ 34 ಡಿಗ್ರಿ ಉಷ್ಣತೆ, ಶೇಕಡಾ 75ರಷ್ಟು ತೇವಾಂಶ ಇದ್ದರೆ ಅದು ಸುಮಾರು 30 ಡಿಗ್ರಿ. ಬೆವರಿನಿಂದ ತಂಪಾಗುವ ಅವಕಾಶ ಮಂಗಳೂರಿನ ಗೆಳೆಯನಿಗೆ ಬಹಳ ಕಡಿಮೆ.

ಹಾಗೆಂದು ಯಾದಗಿರಿಯವರು ನಿಶ್ಚಿಂತರಾಗಿರುವಂತಿಲ್ಲ. ಒಣ ಗಾಳಿಯಲ್ಲಿ ಬೆವರು ಕಣ್ಣಿಗೆ ಕಾಣುವ ಮೊದಲೇ ಆರಿಹೋಗುತ್ತದೆ. ಮೈಯ ನೀರು ಎಷ್ಟು ಹೋಯಿತೆಂಬುದು ತಿಳಿಯುವುದೇ ಇಲ್ಲ. ಆರ್ದ್ರ ಬಲ್ಬ್ ಉಷ್ಣತೆ 35 ಡಿಗ್ರಿ ಮುಟ್ಟಿದರೆ ಮನುಷ್ಯ ಹೆಚ್ಚು ಹೊತ್ತು ತಾಳಲಾರ ಎಂದು 2010ರಲ್ಲಿ ಶರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣರ ಮೇಲೆಯೇ ಪ್ರಯೋಗ ನಡೆಸಿದಾಗ, ತೇವದ ಸೆಕೆಯಲ್ಲಿ ಆ ಮಿತಿ 31 ಡಿಗ್ರಿಯ ಆಸುಪಾಸಿನಲ್ಲಿದೆ ಎಂದು ಕಂಡಿತು. ಒಣ ಬಿಸಿಲಿನಲ್ಲಿ ಅದು ಇನ್ನೂ ಕಡಿಮೆ. ಏಕೆಂದರೆ ದೇಹ ಎಷ್ಟು ವೇಗವಾಗಿ ಬೆವರು ಸುರಿಸಬಲ್ಲದು ಎಂಬುದಕ್ಕೂ ಒಂದು ಮಿತಿಯಿದೆ. ಒಟ್ಟಿನಲ್ಲಿ ಝಳವೂ ಕೊಲ್ಲುತ್ತದೆ, ಸೆಕೆಯೂ ಕೊಲ್ಲುತ್ತದೆ. ಕೊಲ್ಲುವ ಬಗೆ ಮಾತ್ರ ಬೇರೆ. ಆದ್ದರಿಂದ ಕಾಯುವ ಬಗೆಯೂ ಬೇರೆಯಾಗಬೇಕು.

ನೀರಿದ್ದಲ್ಲಿ ಬೀಡು

ಈ ಸೀಮೆಯ ಬೇಸಿಗೆಯ ಇತಿಹಾಸ ರಾಜರಿಂದ ಆರಂಭವಾಗುವುದಿಲ್ಲ. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು 1970ರ ದಶಕದಿಂದ ಹಲವು ವರ್ಷ ಶೋಧನೆ ನಡೆಸಿದರು. ಹಳೆಯ ಶಿಲಾಯುಗದ ಕೈಕೊಡಲಿಗಳು ಅಲ್ಲಿ ರಾಶಿ ರಾಶಿಯಾಗಿ ದೊರೆತವು. ಇಸಾಂಪುರದ ನೆಲೆ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜಿಸಲಾಗಿದೆ. ಇಷ್ಟು ಒಣ ಸೀಮೆಯಲ್ಲಿ ಆದಿಮಾನವ ಬೇಸಿಗೆಯನ್ನು ಹೇಗೆ ಕಳೆದ? ಪದ್ದಯ್ಯನವರು ಮುಂದಿಟ್ಟ ಉತ್ತರ ಸರಳವಾಗಿದೆ. ಮಳೆಗಾಲದಲ್ಲಿ ಎಲ್ಲೆಲ್ಲೂ ನೀರಿರುವುದರಿಂದ ಆ ಜನ ಸಣ್ಣ ಸಣ್ಣ ಗುಂಪುಗಳಾಗಿ ಕಣಿವೆಯ ತುಂಬ ಚದುರುತ್ತಿದ್ದರು. ಬೇಸಿಗೆ ಬಂದಾಗ ಬತ್ತದ ಸೆಲೆಗಳಿರುವ ಹಳ್ಳಗಳ ದಂಡೆಯಲ್ಲಿ ಒಟ್ಟುಗೂಡುತ್ತಿದ್ದರು. ಬಿಸಿಲಿಗೆ ಅವರು ಕೊಟ್ಟ ಉತ್ತರ, ನೀರಿದ್ದಲ್ಲಿಗೆ ನಡೆದುಹೋಗುವುದು.

ಅಲ್ಲಿಂದ ಒಮ್ಮೆಲೇ ಹದಿನೆಂಟನೆಯ ಶತಮಾನಕ್ಕೆ ಬರೋಣ. 1705ರ ಫೆಬ್ರವರಿಯಲ್ಲಿ ಮೊಘಲ್ ಬಾದಶಹ ಔರಂಗಜೇಬ್ ದೊಡ್ಡ ದಂಡಿನೊಡನೆ ಸುರಪುರದ ಬಳಿಯ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ 86 ವರ್ಷ. ಪಿಡ್ಡನಾಯಕನ ಬೇಡ ಪಡೆ ಏಪ್ರಿಲ್ ಕೊನೆಯವರೆಗೂ ಕೋಟೆಯನ್ನು ಕಾದು, ಕೊನೆಗೆ ರಾತ್ರಿಯಲ್ಲಿ ಜಾರಿಕೊಂಡಿತು. ಕಲ್ಲುಗುಡ್ಡಗಳ ನಡುವೆ ಡೇರೆ ಹಾಕಿದ್ದ ಆ ದಂಡಿಗೆ ಬೇಸಿಗೆಯ ಆ ವಾರಗಳು ಹೇಗಿದ್ದಿರಬಹುದೆಂದು ನೀವೇ ಊಹಿಸಿ. ಕೋಟೆ ಬಿದ್ದ ಮೇಲೆ ಬಾದಶಹ ಬೀಡು ಬಿಟ್ಟದ್ದು ಕೃಷ್ಣೆಯ ಕಡೆಗಿರುವ ದೇವಾಪುರದಲ್ಲಿ. ಅಲ್ಲಿಯೇ ಕಠಿಣ ಕಾಯಿಲೆಗೆ ಬಿದ್ದು, ಚೇತರಿಸಿಕೊಂಡು, ಹಲವು ತಿಂಗಳ ಬಳಿಕ ಹೊರಟ. ಅದು ಅವನ ಕೊನೆಯ ದಂಡಯಾತ್ರೆ.

ಎಲ್ಲರೂ ನೀರಿದ್ದಲ್ಲಿಗೆ ಹೋಗಲಾರರು. ಆಗ ನೀರನ್ನೇ ಹಿಡಿದು ನಿಲ್ಲಿಸಬೇಕು. ಸುರಪುರದ ಅರಸರ ಕಾಲದ ಬೋನಾಳ ಕೆರೆ ಅಂಥದೊಂದು ಪ್ರಯತ್ನ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಗುಡ್ಡದ ಮೇಲೆ ಗಾಳಿ ಸಿಗುವ ಎಡೆಯಲ್ಲಿ ಅವನು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬೋನಾಳ ಇಂದು ಪಕ್ಷಿಧಾಮ. ಬೇಸಿಗೆಯಲ್ಲಿ ಹಕ್ಕಿಗಳಿಗೂ ಆ ಹಳೆಯ ಸೂತ್ರವೇ ಗತಿ.

ಮಣ್ಣಿನ ಮಾಳಿಗೆಯ ಗುಟ್ಟು

ಊರು ಕಟ್ಟಿ ನೆಲೆನಿಂತವರು ಮನೆಯನ್ನೇ ಬಿಸಿಲಿಗೆ ತಕ್ಕಂತೆ ಕಟ್ಟಿಕೊಂಡರು. ನಿಮ್ಮ ಅಜ್ಜಿಯ ಊರಿನ ಹಳೆಯ ಮನೆಯನ್ನು ನೆನಪಿಸಿಕೊಳ್ಳಿ. ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ. ಅದರ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಮತ್ತೆ ದಪ್ಪನೆಯ ಮಣ್ಣು. ಕಿಟಕಿ ಕಡಿಮೆ, ಇದ್ದರೂ ಚಿಕ್ಕದು. ಮಾಳಿಗೆಯಲ್ಲೊಂದು ಬೆಳಕಿಂಡಿ. ಹೊರಗಿನಿಂದ ಬಂದವರು ಇದನ್ನು ಕತ್ತಲೆಯ ಮನೆ ಎಂದು ಹಳಿದದ್ದುಂಟು. ಆದರೆ ಇದರಲ್ಲಿ ಒಂದು ಲೆಕ್ಕಾಚಾರವಿದೆ.

ದಪ್ಪ ಗೋಡೆಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ಮಧ್ಯಾಹ್ನ ಹೊರಮೈಗೆ ಬಡಿದ ಬಿಸಿಲು ಒಳಮೈ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಹಗಲೆಲ್ಲ ಕಿಟಕಿ ಬಾಗಿಲು ಮುಚ್ಚಿ ಝಳವನ್ನು ಹೊರಗಿಟ್ಟರೆ ನಡುಮನೆ ತಂಪಾಗಿರುತ್ತದೆ. ರಾತ್ರಿ ಗೋಡೆ ಬೆಚ್ಚಗಾಗುವ ವೇಳೆಗೆ ಮನೆಯವರೆಲ್ಲ ಹೊರಸು ಹಾಕಿಕೊಂಡು ಅಂಗಳದಲ್ಲಿಯೋ ಮಾಳಿಗೆಯ ಮೇಲೋ ಮಲಗಿರುತ್ತಾರೆ. ಮೋಡವಿಲ್ಲದ ಒಣ ನಾಡಿನಲ್ಲಿ ನೆಲದ ಶಾಖ ರಾತ್ರಿ ಸಲೀಸಾಗಿ ಆಕಾಶಕ್ಕೆ ಹೋಗುತ್ತದೆ. ಬೆಳಗಿನ ಜಾವ ಹೊದಿಕೆ ಬೇಕೆನಿಸುವುದೂ ಉಂಟು. ಅಂದರೆ ಈ ಮನೆ ನಂಬಿರುವುದು ಎರಡನ್ನು: ಒಣ ಗಾಳಿ ಮತ್ತು ತಂಪು ರಾತ್ರಿ.

ಶಹಾಪುರ, ಸುರಪುರ, ಯಾದಗಿರಿ ಮೂರೂ ಬಂಡೆಗುಡ್ಡಗಳ ಮಡಿಲಲ್ಲಿರುವ ಊರುಗಳು. ಹಗಲಿಡೀ ಕಾದ ಬಂಡೆ ಸಂಜೆಯ ನಂತರ ಶಾಖವನ್ನು ಹೊರಬಿಡುತ್ತದೆ. ಗುಡ್ಡಕ್ಕೆ ಅಂಟಿಕೊಂಡ ಓಣಿಗಳಲ್ಲಿ ರಾತ್ರಿ ತಡವಾಗಿ ತಂಪಾಗುವುದು ಇದರಿಂದಲೇ. ಬಂಡೆ ಮಾಡುವುದನ್ನೇ ಗೋಡೆಯೂ ಮಾಡುತ್ತದೆ ಎಂಬುದನ್ನು ಮರೆಯಬೇಡಿ. ಅಂಗಳವಿಲ್ಲದಿದ್ದರೆ ದಪ್ಪ ಗೋಡೆಯ ಮನೆಯ ಗುಣವೇ ದೋಷವಾಗುತ್ತದೆ.

ಗಡಿಗೆ, ತಟ್ಟಿ, ಗೋಪುರ

ಒಣ ಗಾಳಿಯ ಇನ್ನೊಂದು ಉಪಕಾರವೆಂದರೆ ಅದು ನೀರನ್ನು ಬೇಗ ಆವಿಯಾಗಿಸುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದು ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವುದರಿಂದ. ಲಾವಂಚದ ಬೇರಿನ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುವುದೂ ಇದೇ ತತ್ತ್ವ. ಅಕ್ಬರನ ಕಾಲದ ಐನ್-ಇ-ಅಕ್ಬರಿ ಲಾವಂಚದಿಂದ ಮಾಡಿದ ತಂಪು ಕೋಣೆಗಳನ್ನು ಹೇಳುತ್ತದೆ. ಇಂದು ಯಾದಗಿರಿಯ ಮನೆ ಮನೆಯಲ್ಲಿ ಗುಡುಗುಡಿಸುವ ಕೂಲರ್ ಆ ತಟ್ಟಿಗೆ ಫ್ಯಾನು ಜೋಡಿಸಿದ ರೂಪವೇ ಹೊರತು ಬೇರೆಯಲ್ಲ.

ಜಗತ್ತಿನ ಇತರ ಒಣ ನಾಡುಗಳೂ ಇಂಥದೇ ಉತ್ತರಗಳನ್ನು ಕಂಡುಕೊಂಡವು. ಇರಾನಿನ ಯಜ್ದ್ ನಗರದಲ್ಲಿ ಮನೆಗಳ ಮೇಲೆ ಗಾಳಿ ಹಿಡಿಯುವ ಗೋಪುರಗಳಿವೆ. ಮೇಲಿನ ಗಾಳಿ ಅವುಗಳ ಮೂಲಕ ಇಳಿದು, ನೀರಿನ ತೊಟ್ಟಿಯ ಮೇಲೆ ಹಾದು, ನೆಲಮಾಳಿಗೆಯನ್ನು ತಂಪಾಗಿಸುತ್ತದೆ. ಬಾಗ್ದಾದಿನ ಹಳೆಯ ಮನೆಗಳಲ್ಲಿ ಮಧ್ಯಾಹ್ನ ಕಳೆಯಲೆಂದೇ ನೆಲಮಾಳಿಗೆಗಳಿದ್ದವು. ರಾತ್ರಿ ಮಲಗುವುದು ಮಾಳಿಗೆಯ ಮೇಲೆ. ನಮ್ಮವರದೂ ಅದೇ ದಿನಚರಿಯಲ್ಲವೇ?

ಈಗ ನಮ್ಮ ಕರಾವಳಿಗೆ ಬನ್ನಿ. ಮಂಗಳೂರು, ಕಾಸರಗೋಡುಗಳಲ್ಲಿ ಗಡಿಗೆಯ ನೀರು ಅಷ್ಟಾಗಿ ತಣ್ಣಗಾಗದು. ಲಾವಂಚದ ತಟ್ಟಿ ಒದ್ದೆಯಾಗಿಯೇ ಉಳಿಯುತ್ತದೆ. ಕೋಣೆ ಮುಚ್ಚಿ ಕೂಲರ್ ಹಾಕಿದರೆ ತೇವ ಇನ್ನಷ್ಟು ಹೆಚ್ಚಿ ಉಸಿರು ಕಟ್ಟುತ್ತದೆ. ಸಮುದ್ರದ ಮಗ್ಗುಲಲ್ಲಿ ರಾತ್ರಿಯೂ ಹೆಚ್ಚು ತಂಪಾಗದು; ದಪ್ಪ ಗೋಡೆಯಿಂದ ಲಾಭವಿಲ್ಲ. ಅಲ್ಲಿ ಬೇಕಾದುದು ಗಾಳಿಯ ಓಡಾಟ. ಆದ್ದರಿಂದ ಅಲ್ಲಿಯ ಮನೆಗೆ ಇಳಿಜಾರು ಮಾಡು, ಅಗಲವಾದ ಸೂರು, ಸುತ್ತಲೂ ಜಗಲಿ, ಎದುರುಬದುರು ಕಿಟಕಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚುಗಳು ಅಲ್ಲಿಗೆ ಒಗ್ಗಿದವು. ಅವುಗಳ ಸಂದಿನಲ್ಲಿ ಬಿಸಿಗಾಳಿ ಹೊರಹೋಗುತ್ತದೆ, ಮಳೆ ಮಾತ್ರ ಒಳಬರುವುದಿಲ್ಲ. ಬೇಸಿಗೆಯಲ್ಲಿ ಬೆವರು ಸುರಿಯುವ ಜಪಾನಿನಲ್ಲಿಯೂ, 14ನೆಯ ಶತಮಾನದ ಯೋಶಿದಾ ಕೆಂಕೊ ಎಂಬ ಲೇಖಕ, ಮನೆಯನ್ನು ಬೇಸಿಗೆಯನ್ನು ಗಮನದಲ್ಲಿಟ್ಟು ಕಟ್ಟಬೇಕೆಂದು ಬರೆದಿದ್ದಾನೆ.

ಝಳದ ನಾಡಿನಲ್ಲಿ ಹಗಲು ಕಿಟಕಿ ಮುಚ್ಚುವುದು ಜಾಣತನ. ಸೆಕೆಯ ನಾಡಿನಲ್ಲಿ ಅದನ್ನು ತೆರೆಯುವುದೇ ಜಾಣತನ. ಹವಾಮಾನ ಇಲಾಖೆಯೂ ಈ ಭೇದವನ್ನು ಒಪ್ಪಿದೆ. ಗರಿಷ್ಠ ಉಷ್ಣತೆ ಕನಿಷ್ಠ ಇಷ್ಟಾದರೂ ಮುಟ್ಟದೆ ಬಿಸಿಗಾಳಿಯನ್ನು ಘೋಷಿಸುವಂತಿಲ್ಲ ಎಂದು ಅದು ನಿಗದಿ ಮಾಡಿರುವ ಮಟ್ಟ ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30. ಅದರ ಜೊತೆಗೆ ಆ ಊರಿನ ವಾಡಿಕೆಯ ಉಷ್ಣತೆಗಿಂತ ಎಷ್ಟು ಏರಿದೆ ಎಂಬುದನ್ನೂ ನೋಡುತ್ತಾರೆ.

ಹೊತ್ತಿನ ಹಂಚಿಕೆ, ನೆರಳಿನ ಹಂಚಿಕೆ

ಮನೆ, ನೀರುಗಳಂತೆ ಹೊತ್ತೂ ಒಂದು ಉಪಾಯ. 1928ರ ಮೇ 23ರಂದು ನೆರೆಯ ರಾಯಚೂರಿನಲ್ಲಿ 45.6 ಡಿಗ್ರಿ ದಾಖಲಾಗಿತ್ತು. ಇಂಥ ಸೀಮೆಯಲ್ಲಿ ಮಧ್ಯಾಹ್ನ ಕೆಲಸ ಮಾಡುವುದು ಶೂರತನವಲ್ಲ. ರೈತರು ನಸುಕಿನಲ್ಲಿ ಹೊಲಕ್ಕೆ ಹೋಗಿ, ಬಿಸಿಲೇರುವ ಮುನ್ನ ಮರಳಿ, ಬೇವಿನ ಮರದ ಕಟ್ಟೆಯ ಮೇಲೆ ಮಧ್ಯಾಹ್ನ ಕಳೆದು, ಇಳಿಹೊತ್ತಿಗೆ ಮತ್ತೆ ಹೊರಡುವುದು ಹಳೆಯ ರೂಢಿ. ತಲೆಗೆ ಪಟಕಾ, ಹೊಟ್ಟೆಗೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಉಳ್ಳಾಗಡ್ಡಿ. ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಎರಡನ್ನೂ ಮಜ್ಜಿಗೆ ತುಂಬಿಕೊಡುತ್ತದೆ. ಸರ್ಕಾರವೂ ಇದನ್ನು ಒಪ್ಪಿಕೊಂಡಿದೆ: ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ವ್ಯವಸ್ಥೆ ವರ್ಷಗಳಿಂದ ಬಂದಿದೆ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಕಚೇರಿ ಒಂದೂವರೆಗೆ ಮುಚ್ಚುತ್ತದೆ. ಇಟ್ಟಿಗೆ ಭಟ್ಟಿ ಮುಚ್ಚುತ್ತದೆಯೇ? ಕಲ್ಲು ಒಡೆಯುವವರು, ರಸ್ತೆಗೆ ಡಾಂಬರು ಹಾಕುವವರು, ತಲೆಯ ಮೇಲೆ ಕೊಡ ಹೊತ್ತು ಬರುವ ಹೆಣ್ಣುಮಕ್ಕಳು ತಮ್ಮ ಹೊತ್ತನ್ನು ತಾವೇ ಗೊತ್ತುಮಾಡಿಕೊಳ್ಳಬಲ್ಲರೇ? ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬೇಸಿಗೆಯ ತಿಂಗಳುಗಳಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟದ್ದು ಸರಿಯಾದ ಹೆಜ್ಜೆ. ಖಾಸಗಿ ಕೂಲಿಗೆ ಅಂಥ ರಕ್ಷಣೆ ಸಿಗುವುದು ಅಪರೂಪ.

ದಾರಿಹೋಕರಿಗೆ ನೀರು ಕೊಡುವ ಅರವಟಿಗೆ ನಮ್ಮ ಶಾಸನಗಳಲ್ಲಿಯೇ ಕಾಣುವ ಹಳೆಯ ಧರ್ಮ. ಅರವಟಿಗೆಗಾಗಿ ಭೂಮಿ, ಹಣ ದತ್ತಿ ಬಿಟ್ಟವರನ್ನು ಶಾಸನಗಳು ಹೊಗಳುತ್ತವೆ. ಆದರೆ ಅದೇ ಸಮಾಜ ಬಾವಿ ಕೆರೆಗಳ ದಂಡೆಯಿಂದ ಕೆಲವರನ್ನು ದೂರವಿಟ್ಟಿತ್ತು ಎಂಬುದೂ ಇತಿಹಾಸವೇ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಕೆರೆಯ ನೀರು ಮುಟ್ಟಿದ್ದು ಮಾನವಹಕ್ಕಿನ ಪ್ರಶ್ನೆ. ಬೇಸಿಗೆಯ ಮಧ್ಯಾಹ್ನದಲ್ಲಿ ನಿಂತು ನೋಡಿದರೆ ಅದು ಜೀವ ಉಳಿಯುವ ಪ್ರಶ್ನೆಯೂ ಹೌದು. ಬಿಸಿಲು ಎಲ್ಲರ ಮೇಲೂ ಬೀಳುತ್ತದೆ, ನೆರಳು ಮತ್ತು ನೀರು ಮಾತ್ರ ಎಲ್ಲರಿಗೂ ಸಮನಾಗಿ ದಕ್ಕಿರಲಿಲ್ಲ.

ಬದಲಾದ ಸಗರನಾಡು

1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರಗಳ ಎರೆಹೊಲಗಳಿಗೆ ಹರಿಯಿತು. ಜೋಳ, ಹತ್ತಿ ಬೆಳೆಯುತ್ತಿದ್ದಲ್ಲಿ ಭತ್ತದ ಗದ್ದೆಗಳು ಕಂಡವು. ಬರದ ಸೀಮೆಗೆ ಇದು ದೊಡ್ಡ ವರ. ಅದರ ಜೊತೆಗೆ ಒಂದು ಸಣ್ಣ ಬದಲಾವಣೆಯೂ ಸದ್ದಿಲ್ಲದೆ ಬಂತು. ನಿಂತ ನೀರು ಮತ್ತು ಹಸಿರು ಬೆಳೆ ಗಾಳಿಗೆ ತೇವ ಸೇರಿಸುತ್ತವೆ. ನೀರಾವರಿಯಿಂದ ಹಗಲಿನ ಉಷ್ಣತೆ ಸ್ವಲ್ಪ ತಗ್ಗಿದರೂ, ತೇವಾಂಶ ಏರಿ ತೇವದ ಸೆಕೆ ಹೆಚ್ಚಬಹುದು ಎಂದು ಗಾಂಧಿನಗರದ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದರು. ಅವರು ಮುಖ್ಯವಾಗಿ ಕಂಡದ್ದು ಗಂಗೆಯ ಬಯಲಿನಲ್ಲಿ. ಆದರೆ ಭೌತವಿಜ್ಞಾನದ ನಿಯಮ ಕೃಷ್ಣೆಯ ಬಯಲಿಗೂ ಅದೇ. ಕಾಲುವೆಯಲ್ಲಿ ನೀರಿದ್ದು ಗದ್ದೆ ತುಂಬಿದ ದಿನಗಳಲ್ಲಿ, ಮುಂಗಾರಿನ ಮೋಡ ಕವಿದೂ ಮಳೆ ಬಾರದ ರಾತ್ರಿಗಳಲ್ಲಿ, ಝಳದ ನಾಡು ಸೆಕೆಯ ನಾಡಾಗುತ್ತದೆ.

ಇತ್ತ ಮನೆಯೂ ಬದಲಾಗಿದೆ. ಸೋರುವ, ವರ್ಷವರ್ಷವೂ ಮಣ್ಣು ಹಾಕಬೇಕಾದ ಮಾಳಿಗೆಯನ್ನು ಬಿಟ್ಟು ಜನ ಆರ್‌ಸಿಸಿ ಮನೆಗೋ ತಗಡಿನ ಮನೆಗೋ ಹೋಗಿದ್ದಾರೆ. ಅದರಲ್ಲಿ ತಪ್ಪಿಲ್ಲ, ಸೋರುವ ಮನೆಯಲ್ಲಿರಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ತೆಳು ಸ್ಲ್ಯಾಬು ಮಧ್ಯಾಹ್ನವೇ ಕಾದು ರಾತ್ರಿಯೆಲ್ಲ ಶಾಖ ಸುರಿಸುತ್ತದೆ. ಅಂಗಳ ಹೋಗಿದೆ, ಬೇವಿನ ಮರ ರಸ್ತೆಗೆ ಆಹುತಿಯಾಗಿದೆ. ಇನ್ನು ಫ್ಯಾನು. ಉಷ್ಣತೆ 40 ಡಿಗ್ರಿ ದಾಟಿದಾಗ ಬರೀ ಫ್ಯಾನು ಮೈಗೆ ಇನ್ನಷ್ಟು ಶಾಖ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಆಗ ಮೈ ಒದ್ದೆ ಮಾಡಿಕೊಂಡು, ಒದ್ದೆ ಬಟ್ಟೆ ಹೊದ್ದು ಕೂರುವುದೇ ಲೇಸು. ಸುಣ್ಣ ಬಳಿದ ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಇದು ಬಡವರ ಕೈಗೂ ಎಟುಕುವ ಉಪಾಯ.

2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚಾಗಿ ಸತ್ತರೆಂದು ಬಳಿಕ ಲೆಕ್ಕ ಸಿಕ್ಕಿತು. ಆ ಊರು 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆಯೊಂದನ್ನು ಮಾಡಿಕೊಂಡಿತು: ಮುಂಚಿತವಾಗಿ ಎಚ್ಚರಿಕೆ, ಆಸ್ಪತ್ರೆಗಳಲ್ಲಿ ಸಿದ್ಧತೆ, ಬೀದಿಯಲ್ಲಿ ನೀರು. 2015ರಲ್ಲಿ ಯಾದಗಿರಿಗೆ ತಾಗಿಕೊಂಡಿರುವ ತೆಲಂಗಾಣ ಹಾಗೂ ಅದರಾಚೆಯ ಆಂಧ್ರ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಬಲಿಯಾದರು. ನಾವು ಬಿಸಿಲಿಗೆ ಹುಟ್ಟಿದವರು, ನಮಗೇನಾಗುತ್ತದೆ ಎಂಬ ಮಾತು ಅಪಾಯಕಾರಿ. ಹಿರಿಯರು ಬಿಸಿಲನ್ನು ಗೆದ್ದವರಲ್ಲ. ಅದಕ್ಕೆ ಅಂಜಿ, ಅದರ ಹೊತ್ತು ನೋಡಿ ನಡೆದವರು.

ನೀವೇ ಮಾಡಿ ನೋಡಿ

ಎರಡು ಉಷ್ಣಮಾಪಕ ತನ್ನಿ. ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿ. ಮನೆಯಲ್ಲಿ, ಶಾಲೆಯಲ್ಲಿ, ಮರದಡಿಯಲ್ಲಿ, ಕಾಲುವೆಯ ಬದಿಯಲ್ಲಿ ನೆರಳಿನಲ್ಲಿಯೇ ಹಿಡಿದು, ಒದ್ದೆ ಬಟ್ಟೆಗೆ ಗಾಳಿ ಬೀಸಿ ಅಳೆಯಿರಿ. ಎರಡರ ಅಂತರ ಹೆಚ್ಚಿದ್ದರೆ ಅಂದಿನದು ಝಳ: ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಕೂಲರ್ ಹಾಕಿ. ಅಂತರ ಕಡಿಮೆಯಿದ್ದರೆ ಅಂದಿನದು ಸೆಕೆ: ಕಿಟಕಿ ತೆರೆಯಿರಿ, ಗಾಳಿ ಆಡಲಿ, ಕೆಲಸ ಕಡಿಮೆ ಮಾಡಿ. ಓದಿಗೋ ದುಡಿಮೆಗೋ ಮುಂಬಯಿಗೆ, ಗೋವೆಗೆ, ಮಂಗಳೂರಿಗೆ ಹೋಗುವವರು ಈ ಲೆಕ್ಕವನ್ನು ಜೊತೆಗೆ ಒಯ್ಯಿರಿ.

ಯಾರಾದರೂ ಬಿಸಿಲಿಗೆ ಸಿಕ್ಕು ತಡಬಡಿಸಿ ಮಾತಾಡಿದರೆ, ಮೈ ಸುಡುತ್ತಿದ್ದು ಎಚ್ಚರ ತಪ್ಪಿದರೆ, ಅದು ಸುಸ್ತಲ್ಲ, ಬಿಸಿಲಿನ ಆಘಾತ. ಕೂಡಲೇ ನೆರಳಿಗೆ ಒಯ್ಯಿರಿ. ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿ.

ಇನ್ನೊಂದು ಕೆಲಸ. ನಿಮ್ಮ ಓಣಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಯುವವರು ಯಾರು ಯಾರು, ಅವರಿಗೆ ಹತ್ತಿರದ ನೆರಳು ಎಷ್ಟು ದೂರ, ಕುಡಿಯುವ ನೀರು ಎಷ್ಟು ದೂರ ಎಂದು ಒಂದು ವಾರ ಬರೆದಿಡಿ. ಆ ಪಟ್ಟಿಯನ್ನು ನಿಮ್ಮ ಶಿಕ್ಷಕರಿಗೆ, ಪಂಚಾಯಿತಿ ಸದಸ್ಯರಿಗೆ ತೋರಿಸಿ. ಅರವಟಿಗೆ ಎಲ್ಲಿ ಬೇಕೆಂಬುದನ್ನು ಆ ಪಟ್ಟಿಯೇ ಹೇಳುತ್ತದೆ.